ನೀರಿಗೆ ಹೋದ ಊರು

ನಮ್ಮದು ಸೋತ ಊರು. ಇದನ್ನು ನಾವು ಮುಚ್ಚಿಡುವುದಿಲ್ಲ. ನೆಂಟರು ಬಂದರೆ ಎಲೆ ಹಾಕುವ ಮೊದಲೇ ಹೇಳಿಬಿಡುತ್ತೇವೆ. ಅಗೋ, ಆ ಗುಡ್ಡದ ಮೇಲೆ, ಕೋಟೆಯ ಮಗ್ಗುಲಲ್ಲಿ ಹುಲ್ಲು ಬೆಳೆದ ದಿಬ್ಬಗಳು ಸಾಲಾಗಿ ಕಾಣುತ್ತವಲ್ಲ, ಅದು ನಮ್ಮ ಬೀದಿ. ಕುರಿಗಳು ಮಲಗಿವೆಯಲ್ಲ, ಅದು ನಮ್ಮ ಪೇಟೆಯ ಚೌಕ. ಅಕ್ಕಪಕ್ಕದ ಊರಿನವರು ಇದನ್ನು ಕೇಳಿ ನಗುತ್ತಾರೆ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುತ್ತಾರೆ. ಅನ್ನಲಿ. ಮೀಸೆ ಮಣ್ಣಾಗದೆ ಉಳಿದದ್ದು ಹೇಗೆ ಎಂದು ಅವರು ಒಮ್ಮೆಯೂ ಕೇಳಿಲ್ಲ. ನೀವು ಕೇಳಿ, ಹೇಳುತ್ತೇನೆ.

ಆ ಗುಡ್ಡ ಗಡಿಯ ಮೇಲಿದೆ. ಈಚೆಗೆ ಒಂದು ನಾಡು, ಆಚೆಗೆ ಇನ್ನೊಂದು. ನಡುವೆ ಗಾಳಿ. ಗುಡ್ಡದ ತುದಿಯಲ್ಲಿ ಒಬ್ಬ ದೊರೆ ಕೋಟೆ ಕಟ್ಟಿದ. ಬರೀ ಕೋಟೆ ಇದ್ದರೆ ಕಾವಲುಗಾರ ಅನ್ನುತ್ತಾರೆ, ಪಕ್ಕದಲ್ಲಿ ಪೇಟೆ ಇದ್ದರೆ ದೊರೆ ಅನ್ನುತ್ತಾರೆ ಎಂದು ಯಾರೋ ಅವನ ಕಿವಿಯಲ್ಲಿ ಊದಿದರು. ಅವನು ಡಂಗುರ ಹೊಡೆಸಿದ. ಬನ್ನಿ, ಗುಡ್ಡದ ಮೇಲೆ ಪೇಟೆ ಕಟ್ಟಿ. ಜಾಗ ಪುಕ್ಕಟೆ. ಕಂದಾಯವಿಲ್ಲ. ಇಲ್ಲಿ ಯಾರೂ ಯಾರ ಆಳೂ ಅಲ್ಲ.

ಆ ಕೊನೆಯ ಮಾತಿಗೇ ನಮ್ಮವರು ಬಂದದ್ದು. ಕುಂಬಾರ ಬಂದ, ನೇಕಾರ ಬಂದ, ಉಪ್ಪಿನವನು ಬಂದ, ಬಾಚಣಿಗೆ ಕೊರೆಯುವವಳು ಬಂದಳು. ಎಲ್ಲರೂ ಎಲ್ಲೆಲ್ಲೋ ಯಾರ್ಯಾರದೋ ಆಳಾಗಿದ್ದವರೇ. ಹುಟ್ಟಿದಾಗಿನಿಂದ ಹಿತ್ತಿಲ ಬಾಗಿಲಲ್ಲೇ ಒಳಗೆ ಹೋಗಿ ಹೊರಗೆ ಬಂದವರು. ಅದಕ್ಕೇ ಬೇರೆ ಯಾರೂ ಮಾಡದ ತಪ್ಪನ್ನು ಅವರು ಮಾಡಿದರು. ಎಲ್ಲಕ್ಕಿಂತ ಮೊದಲು ಹೆಬ್ಬಾಗಿಲು ಕಟ್ಟಿದರು. ಎರಡು ಗಾಡಿ ಎದುರುಬದುರಾಗಿ ಹೋಗುವಷ್ಟು ಅಗಲ, ಆನೆ ತಲೆ ತಗ್ಗಿಸದೆ ಬರುವಷ್ಟು ಎತ್ತರ. ಆಮೇಲೆ ಚೌಕ ಕಟ್ಟಿದರು. ಆಮೇಲೆ ಗಂಟೆ ತೂಗುಹಾಕಿದರು. ಆಮೇಲೆ ಬಾವಿ ತೋಡಿದರು. ಬಂಡೆ ಸಿಕ್ಕಿತು. ಇನ್ನೊಂದು ಕಡೆ ತೋಡಿದರು. ಅಲ್ಲೂ ಬಂಡೆ. ಗುಡ್ಡವೆಂದರೆ ಒಂದೇ ಬಂಡೆ, ಮೇಲೆ ಒಂದಿಷ್ಟು ಹುಲ್ಲು.

ನೀರಿದ್ದದ್ದು ಎರಡೇ ಕಡೆ. ಗುಡ್ಡದ ಬುಡದಲ್ಲಿ ನದಿ. ಕೋಟೆಯ ಒಳಗೆ ಬಾವಿ.

ಹೆಬ್ಬಾಗಿಲು ನಿಂತ ದಿನವೇ ದೊರೆ ಅದರ ಬಲಗಂಬದ ಮೇಲೆ ಕಟ್ಟಳೆ ಕೆತ್ತಿಸಿದ್ದ. ಅದರ ಮೇಲೆ ಕೈಯಿಟ್ಟು ದೊರೆಯೂ ಆಣೆ ಮಾಡಿದ್ದ, ಊರೂ ಆಣೆ ಮಾಡಿತ್ತು. ತನ್ನ ಮಡಕೆಯಲ್ಲಿ ತನ್ನ ನೀರು ಹೊತ್ತು ಈ ಬಾಗಿಲು ದಾಟುವವರು ಊರಿನವರು, ಅವರು ಯಾರ ಆಳೂ ಅಲ್ಲ. ಕೋಟೆಯ ನೀರು ಕುಡಿದವರು ಕೋಟೆಯ ಆಳು. ಊರು ಬಿಡುವವರು ಬಾಗಿಲಲ್ಲಿ ಮಡಕೆ ಒಡೆದು ಹೋಗಬೇಕು. ಒಡೆದವರು ಹೊಸ ಮಡಕೆ ಹೊತ್ತು ಮರಳುವಂತಿಲ್ಲ. ಎಲ್ಲ ಮಡಕೆಗಳೂ ಒಡೆದ ದಿನ ಗುಡ್ಡ ಕೋಟೆಗೆ ಸೇರತಕ್ಕದ್ದು. ಕೊನೆಗೆ ಉಳಿದವರು ಏನು ಮಾಡುತ್ತಾರೋ, ಬಿಟ್ಟು ಹೋದವರೂ ಅವರ ಮಕ್ಕಳುಮರಿಗಳೂ ಅದನ್ನೇ ಮಾಡಿದಂತೆ.

ಗುಡ್ಡದಲ್ಲಿ ನೀರಿಲ್ಲವೆಂದು ದೊರೆಗೆ ಮೊದಲೇ ಗೊತ್ತಿತ್ತೇ? ಗೊತ್ತಿತ್ತು ಅನ್ನುವವರು ನಮ್ಮಲ್ಲಿದ್ದಾರೆ. ಅವತ್ತು ಮಾತ್ರ ನಮ್ಮವರು ಕಟ್ಟಳೆ ಕೇಳಿ ತಲೆದೂಗಿದರು. ನೀರು ಹೊರುವುದೇನು ಮಹಾ, ಇಷ್ಟು ದಿನ ಬೇರೆಯವರ ಮನೆಗೆ ಹೊರುತ್ತಿರಲಿಲ್ಲವೇ ಅಂದರು.

ಹಾಗೆ ಹೊರುವುದು ಶುರುವಾಯಿತು. ನೀರು ಕೆಳಗಿತ್ತು, ಊರು ಮೇಲಿತ್ತು. ಬೆಳಕು ಹರಿಯುತ್ತಲೇ ಊರೆಲ್ಲ ಸಾಲಾಗಿ ಇಳಿಯುತ್ತಿತ್ತು, ಬಿಸಿಲೇರುವ ಮೊದಲು ಊರೆಲ್ಲ ಸಾಲಾಗಿ ಏರುತ್ತಿತ್ತು. ತಲೆಯ ಮೇಲೆ ಸಿಂಬೆ, ಸಿಂಬೆಯ ಮೇಲೆ ಮಡಕೆ. ಮಡಕೆಗಳನ್ನೆಲ್ಲ ಮಾಡಿದವನು ಒಬ್ಬನೇ ಕುಂಬಾರ, ಅದಕ್ಕೆ ಒಂದರಂತೆ ಇನ್ನೊಂದು. ಗುರುತಿಗೆಂದು ಅವುಗಳ ಹೊಟ್ಟೆಯ ಮೇಲೆ ಮನೆಮನೆಯ ಗೀರು. ನೇಕಾರನ ಮನೆಗೆ ಮೀನು, ಉಪ್ಪಿನವನ ಮನೆಗೆ ಅರ್ಧಚಂದ್ರ, ಕುಂಬಾರನ ಮನೆಗೆ ಏಣಿ. ಹತ್ತುವಾಗ ಕಾಲು ಭಾಗ ನೀರನ್ನು ಗಾಳಿಯೇ ಕುಡಿಯುತ್ತಿತ್ತು. ಉಳಿದದ್ದರಲ್ಲಿ ಮುಖ ತೊಳೆದು, ಮುಖ ತೊಳೆದ ನೀರಲ್ಲಿ ಪಾತ್ರೆ ತೊಳೆದು, ಪಾತ್ರೆ ತೊಳೆದ ನೀರನ್ನು ಸೊಪ್ಪಿನ ಬುಡಕ್ಕೆ ಹಾಕುತ್ತಿದ್ದರು. ನಮ್ಮವರ ಮೈ ವಾಸನೆಯ ಬಗ್ಗೆ ಸುತ್ತಲಿನ ಊರುಗಳಲ್ಲಿ ಹಾಡೇ ಇತ್ತಂತೆ. ಅತ್ತ ಕೋಟೆಯವರು ಗೋಡೆಯ ಹೊರಗೆ ನಿಂತು, ನಮ್ಮವರಿಗೆ ಕಾಣುವ ಹಾಗೆ, ಕುದುರೆಗಳಿಗೆ ಕೊಡಗಟ್ಟಲೆ ನೀರು ಹೊಯ್ಯುತ್ತಿದ್ದರು. ನಮ್ಮವರು ನೋಡುತ್ತಿದ್ದರು. ಒಬ್ಬರೂ ಒಂದು ಹನಿ ಕೇಳಲಿಲ್ಲ.

ಹೆಮ್ಮೆಗೂ ಹೊಟ್ಟೆಯಿದೆ, ಅದಕ್ಕೂ ಬಾಯಾರುತ್ತದೆ. ಊರು ಮೊದಲು ಬಿಟ್ಟವನು ಕುಂಬಾರನೇ. ಅವನ ಅಕ್ಕ ಗಂಟೆಯ ಕೆಲಸದವಳು. ದಿನಾ ಮುಚ್ಚಂಜೆ ಗಂಟೆ ಬಾರಿಸಿ, ಊರು ಇದೆ ಎಂದು ಎರಡೂ ನಾಡಿಗೆ ತಿಳಿಸುವವಳು. ಅವಳನ್ನು ನಾವು ಈಗಲೂ ಗಂಟೆಯಕ್ಕ ಅನ್ನುತ್ತೇವೆ. ಕುಂಬಾರ ಮಡಕೆ ಹಿಡಿದು ಬಾಗಿಲಿಗೆ ಬಂದಾಗ ಅವಳು ಅಡ್ಡ ನಿಂತಳು.

"ಅಕ್ಕಾ, ಮಣ್ಣು ಕೆಳಗಿದೆ, ನೀರು ಕೆಳಗಿದೆ, ಸೌದೆನೂ ಕೆಳಗೇ ಇದೆ. ನಾನು ಮೇಲಿದ್ದು ಏನು ಮಾಡ್ಲಿ?" ಅಂದ ಕುಂಬಾರ.

"ಏನೂ ಮಾಡ್ಬೇಡ. ಇರು."

"ಇರೋದೂ ಒಂದು ಕಸುಬಾ?"

"ಈ ಊರಲ್ಲಿ ಹೌದು ಕಣೋ."

ಅವನು ತಲೆ ತಗ್ಗಿಸಿ ಮಡಕೆಯನ್ನು ಕಲ್ಲಿಗೆ ಒಗೆದ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುತ್ತಾರೆ. ಅವತ್ತು ಕುಂಬಾರನೂ ಅವನೇ, ದೊಣ್ಣೆಯೂ ಅವನೇ. ಅಕ್ಕ ಅವನ ಬೆನ್ನನ್ನೂ ನೋಡಲಿಲ್ಲ. ಆಮೇಲೆ ಅವನೊಡನೆ ಮಾತೂ ಆಡಲಿಲ್ಲ.

ದಾರಿ ತೋರಿಸುವವನೊಬ್ಬ ಸಿಕ್ಕಿದ ಮೇಲೆ ನಡೆಯುವವರಿಗೇನು ಬರ. ಉಪ್ಪಿನವನು ಒಡೆದ. ಬಾಚಣಿಗೆಯವಳು ಅಳುತ್ತ ಒಡೆದಳು. ಮುದಿ ನೇಕಾರ ಮಗ್ಗವನ್ನು ಬೆನ್ನಿಗೆ ಕಟ್ಟಿಕೊಂಡು, ಒಡೆಯಲು ಕೈ ಬಾರದೆ, ಮಡಕೆಯನ್ನು ಮೆಲ್ಲಗೆ ಉರುಳಿಬಿಟ್ಟ. ಅದೂ ಒಡೆಯಿತು. ಎಲ್ಲರೂ ನದಿಯ ದಂಡೆಯಲ್ಲಿ ಗುಡಿಸಲು ಹಾಕಿಕೊಂಡರು. ಈಗ ನಾವಿರುವುದು ಅಲ್ಲೇ. ಹೆಬ್ಬಾಗಿಲ ಹೊರಗೆ ಚೂರುಗಳ ರಾಶಿ ಬೆಳೆಯಿತು. ದೊರೆಗೆ ಆ ರಾಶಿಯೆಂದರೆ ಪ್ರಾಣ. ಅದರ ಒಂದು ಚೂರನ್ನೂ ಯಾರೂ ಮುಟ್ಟಕೂಡದು ಎಂದು ಕೋಟೆಯವರಿಗೆ ಅಪ್ಪಣೆ ಮಾಡಿದ್ದ. ಅತಿಥಿಗಳು ಬಂದರೆ ಗೋಡೆಯ ಮೇಲೆ ಕರೆದೊಯ್ದು, "ನೋಡಿ, ಕತ್ತಿ ಎತ್ತದೆ ಗೆದ್ದದ್ದು" ಎಂದು ತೋರಿಸುತ್ತಿದ್ದ.

ಕಡೆಗೆ ಗುಡ್ಡದ ಮೇಲೆ ಒಂದು ಮಡಕೆ ಉಳಿಯಿತು. ಅದು ಗಂಟೆಯಕ್ಕನದು.

ಅಷ್ಟು ದೊಡ್ಡ ಬಾಗಿಲಿಗೆ ಅವಳೊಬ್ಬಳು. ಬೆಳಿಗ್ಗೆ ಅದನ್ನು ತೆರೆದು ಇಳಿಯುವಳು, ನದಿಯಲ್ಲಿ ಮಡಕೆ ತುಂಬಿಸಿ ಏರುವಳು, ಖಾಲಿ ಬೀದಿ ಗುಡಿಸುವಳು, ಮುಚ್ಚಂಜೆ ಗಂಟೆ ಬಾರಿಸುವಳು. ಕೆಳಗೆ ನಮ್ಮವರು ಆ ಸದ್ದಿಗೆ ಕೈಲಿದ್ದ ಕೆಲಸ ಬಿಟ್ಟು ಎದ್ದು ನಿಲ್ಲುತ್ತಿದ್ದರು. ಬಿಟ್ಟುಬಂದ ನಾಚಿಕೆ ಒಂದು ಕಡೆ, ನಮ್ಮೂರು ಇನ್ನೂ ಇದೆ ಎಂಬ ಬಿಂಕ ಇನ್ನೊಂದು ಕಡೆ. ಅವಳು ನೀರು ತುಂಬಿಸುವ ಬಂಡೆಯ ಮೇಲೆ ದಿನಾ ಒಂದು ಹೊಸ ಸಿಂಬೆ ಇರುತ್ತಿತ್ತು. ಹಸಿರು ಹುಲ್ಲಿನದು, ಬಿಗಿಯಾಗಿ ಸುತ್ತಿದ್ದು. ಕುಂಬಾರ ಇಟ್ಟದ್ದೆಂದು ಅವಳಿಗೆ ಗೊತ್ತು. ಅವಳು ಅದನ್ನು ತಲೆಗಿಟ್ಟುಕೊಂಡು ಹೋಗುವಳು, ತಮ್ಮನ ಗುಡಿಸಲ ಕಡೆ ಮಾತ್ರ ತಿರುಗಳು. ಅವನು ಬಾಗಿಲ ಸಂದಿನಿಂದ ನೋಡುವನು, ಹೊರಗೆ ಬಾರನು. ಒಂದೇ ಬಸಿರಿನ ಎರಡು ಬಂಡೆಗಳು.

ಒಂದು ಬೇಸಿಗೆ. ಬೀದಿ ಗುಡಿಸುವಾಗ ಸಡಿಲ ಕಲ್ಲೊಂದು ಜಾರಿ ಅಕ್ಕನ ಪಾದ ಉಳುಕಿತು. ಸಂಜೆಗೆ ಅದು ಕುಂಬಳದಷ್ಟು ಊದಿತ್ತು. ಇಳಿಯುವ ಮಾತಿರಲಿ, ನಿಲ್ಲುವುದೂ ಕಷ್ಟ. ತೆವಳಿಕೊಂಡು ಗಂಟೆಯ ಬುಡಕ್ಕೆ ಬಂದು, ಕೂತಲ್ಲಿಂದಲೇ ಹಗ್ಗ ಎಳೆದಳು. ಮಡಕೆಯ ತಳದಲ್ಲಿ ಅಂಗೈಯಷ್ಟು ನೀರಿತ್ತು. ಮರುದಿನ ಅದೂ ಇರಲಿಲ್ಲ.

ಮರುದಿನವೇ ಕೋಟೆಯ ಪಾರುಪತ್ಯದವನು ಬಂದ. ಕೈಯಲ್ಲಿ ಬೆಳ್ಳಿಯ ಬಟ್ಟಲು, ತುಂಬ ನೀರು. ತಣ್ಣಗಿನ ನೀರಿಗೆ ಬಟ್ಟಲ ಮೈ ಬೆವರಿತ್ತು.

"ಅಮ್ಮಾ, ದೊರೆಗಳು ಕಳಿಸಿದ್ದಾರೆ. ಒಂದು ಗುಟುಕು ಕುಡೀರಿ."

"ಕುಡಿದ್ರೆ?"

"ಕಟ್ಟಳೆ ನಿಮಗೇ ಗೊತ್ತಲ್ಲ."

"ಗೊತ್ತು. ನಾನು ಕುಡಿದ್ರೆ ಕೆಳಗಿರೋರೆಲ್ಲ ಕುಡಿದ ಹಾಗೆ. ಇವತ್ತು ತೊಟ್ಟಿಲಲ್ಲಿ ಮಲಗಿರೋ ಕೂಸೂ ನಿಮ್ಮ ಕುದುರೆ ಲದ್ದಿ ಬಾಚ್ಬೇಕು."

"ಹಾಗಾದ್ರೆ ಮಡಕೆ ಒಡೀರಿ. ನಿಮ್ಮನ್ನ ಪಲ್ಲಕ್ಕೀಲಿ ಕೂರಿಸಿ ಕೆಳಗೆ ಬಿಡ್ತೀವಿ. ಗುಡ್ಡ ನಮ್ಮದಾಗುತ್ತೆ, ನೀವು ಸುಖವಾಗಿರ್ತೀರಿ."

"ಹೆಬ್ಬಾಗಿಲು ಕಟ್ಟಿದೋರು ನಾವು. ಅದನ್ನ ನಿಮ್ಮ ಕುದುರೆಗಳಿಗೆ ಬಿಟ್ಟು ಹೋಗ್ಲಾ?" ಅಂದಳು ಅಕ್ಕ. "ಬಟ್ಟಲು ತಗೊಂಡು ಹೋಗಪ್ಪಾ. ಬಿಸಿಲಿಗೆ ನೀರು ಬಿಸಿಯಾದೀತು."

ಅವನು ಹೋಗಲಿಲ್ಲ. ಬಟ್ಟಲನ್ನು ಅವಳ ಕೈಗೆಟುಕುವಷ್ಟು ದೂರದಲ್ಲಿಟ್ಟು, ನೆರಳಲ್ಲಿ ಕೂತ. ದಿನಾ ಹಳೆಯ ನೀರು ಚೆಲ್ಲಿ ಹೊಸ ನೀರು ತಂದಿಡುವನು. ಚೆಲ್ಲುವ ಸದ್ದು ಅವಳಿಗೆ ಕೇಳಬೇಕು, ಅದೇ ಅವನ ಕೆಲಸ. ಅವಳು ಮಡಕೆಯನ್ನು ತಬ್ಬಿಕೊಂಡು, ಅದರ ತಣ್ಣನೆ ಹೊಟ್ಟೆಗೆ ಕೆನ್ನೆಯಿಟ್ಟು ಕೂತಿರುವಳು. ನಾಲಿಗೆ ಅಂಗುಳಿಗೆ ಅಂಟಿತು. ತುಟಿ ಒಡೆದು ರಕ್ತ ಬಂತು. ಮುಚ್ಚಂಜೆಯಾದರೆ ಹಗ್ಗ ಎಳೆಯುವಳು. ಗಂಟೆಯ ಸದ್ದು ದಿನದಿಂದ ದಿನಕ್ಕೆ ಸಣ್ಣದಾಯಿತು.

ಕೆಳಗೆ ಕುಂಬಾರ ದಿನಾ ಸಿಂಬೆ ಇಡುತ್ತಿದ್ದ. ಮೊದಲ ದಿನದ ಸಿಂಬೆ ಇಟ್ಟಲ್ಲೇ ಇತ್ತು. ಕೋಪ ಬಂದಿರಬೇಕು ಅಂದುಕೊಂಡ. ಅದರ ಮೇಲೆ ಇನ್ನೊಂದಿಟ್ಟ. ಒಣಗಿದ ಸಿಂಬೆಯ ಮೇಲೆ ಬಾಡಿದ ಸಿಂಬೆ, ಬಾಡಿದ್ದರ ಮೇಲೆ ಹಸಿರು ಸಿಂಬೆ. ಗಂಟೆಯೇನೋ ಕೇಳುತ್ತಿತ್ತು. ಒಂದು ಸಂಜೆ ಕೇಳಲಿಲ್ಲ. ಊರೆಲ್ಲ ಎದ್ದು ನಿಂತಿತ್ತು, ನಿಂತೇ ಇತ್ತು.

"ನೀರಿಗೂ ಬಂದಿಲ್ಲ, ಗಂಟೆನೂ ಹೊಡೀಲಿಲ್ಲ. ಅಕ್ಕನಿಗೆ ಏನೋ ಆಗಿದೆ," ಅಂದ ಕುಂಬಾರ.

"ಆಗಿದ್ರೂ ನಾವೇನು ಮಾಡೋಕಾಗುತ್ತೆ? ಮಡ್ಕೆ ಒಡೆದು ಬಂದೋರು ನಾವು. ಹೊಸ ಮಡ್ಕೆ ಹೊತ್ತು ಬಾಗಿಲು ದಾಟಂಗಿಲ್ಲ," ಅಂದಳು ಬಾಚಣಿಗೆಯವಳು.

"ಹೊಸದು ಯಾಕೆ? ಹಳೇದು ಅಲ್ಲೇ ಬಿದ್ದಿದೆಯಲ್ಲ."

ಯಾರಿಗೂ ತಕ್ಷಣ ಅರ್ಥವಾಗಲಿಲ್ಲ. ಮುದಿ ನೇಕಾರನಿಗೆ ಮೊದಲು ಅರ್ಥವಾಯಿತು. ಅವನು ಊರುಗೋಲು ಎತ್ತಿಕೊಂಡು ಎಲ್ಲರಿಗಿಂತ ಮುಂದೆ ನಡೆದ.

ಬೆಳಕು ಹರಿಯುವಾಗ ಅವರು ಹೆಬ್ಬಾಗಿಲ ಹೊರಗೆ ರಾಶಿಯ ಸುತ್ತ ಕೂತಿದ್ದರು. ಚೂರು ಎತ್ತುವುದು, ತಿರುಗಿಸುವುದು, ಗೀರು ನೋಡುವುದು. ಮೀನು ಯಾರದು, ಇಲ್ಲಿ ಕೊಡಿ. ಅರ್ಧಚಂದ್ರ ಸಿಕ್ಕಿತು, ತಗೋ. ತಮ್ಮ ಮನೆಯ ಗೀರನ್ನು ಬೆರಳಲ್ಲಿ ಸವರಿದಾಗ ಕೆಲವರಿಗೆ ಅಳು ಬಂತು, ಕೆಲವರಿಗೆ ನಗು. ಒಂದು ಚೂರೂ ಕಳೆದಿರಲಿಲ್ಲ. ದೊರೆ ಅಷ್ಟು ಜೋಪಾನವಾಗಿ ಕಾದಿದ್ದ. ಎಲ್ಲರೂ ಚೂರು ಹಿಡಿದು ಮತ್ತೆ ಗುಡ್ಡ ಇಳಿದರು, ನದಿಗೆ ಬಗ್ಗಿ ಚೂರಿನ ಬಾಗಿನಲ್ಲಿ ನೀರು ತುಂಬಿಕೊಂಡು, ಎರಡೂ ಕೈಯಲ್ಲಿ ಹಿಡಿದು ಏರಿದರು. ಒಂದೊಂದರಲ್ಲಿ ಗುಬ್ಬಿ ಮೀಯುವಷ್ಟು ನೀರು. ಗಾಳಿ ಬೀಸುತ್ತಿತ್ತು. ಯಾರೂ ಮಾತಾಡಲಿಲ್ಲ, ಮಾತಾಡಿದರೆ ಚೆಲ್ಲುತ್ತದೆ. ನೇಕಾರನ ಚೂರಿನಿಂದ ಅರ್ಧ ದಾರಿಯಲ್ಲೇ ಎಲ್ಲ ಚೆಲ್ಲಿತು. ಅವನು ತಿರುಗಿ ಇಳಿದ.

ಬಾಗಿಲಲ್ಲಿ ಪಾರುಪತ್ಯದವನು ತೋಳು ಚಾಚಿ ನಿಂತಿದ್ದ. "ನಿಲ್ಲಿ. ನೀವು ಮಡಕೆ ಒಡೆದು ಹೋದವರು. ಒಳಗೆ ಬರೋ ಹಾಗಿಲ್ಲ."

"ಹೊಸ ಮಡ್ಕೆ ತರೋ ಹಾಗಿಲ್ಲ ಅಂತ ಬರೆದಿದೆ," ಅಂದ ಕುಂಬಾರ. ಅವನ ಕಣ್ಣೆಲ್ಲ ಕೈಯಲ್ಲಿದ್ದ ನೀರಿನ ಮೇಲೆ. "ಇದು ಹೊಸದಲ್ಲ ಸ್ವಾಮಿ. ನನ್ನದೇ. ಏಣಿ ಗೀರು ನೋಡಿ."

"ಇದು ಮಡಕೆಯಾ? ಇದು ಚೂರು!"

"ನಾನು ಕುಂಬಾರ. ಅದು ಮಡ್ಕೆ ಅಂತ ನಾನು ಹೇಳ್ತೀನಿ. ಇಡೀ ಮಡ್ಕೆನೇ ಆಗ್ಬೇಕು ಅಂತ ಕಂಬದಲ್ಲಿ ಎಲ್ಲಾದ್ರೂ ಇದ್ರೆ ಓದಿ."

ಪಾರುಪತ್ಯದವನು ಕಂಬ ನೋಡಿದ. ಆಮೇಲೆ ಕೋಟೆಯ ಗೋಡೆ ನೋಡಿದ. ದೊರೆ ಮೇಲೆ ನಿಂತಿದ್ದ. ಅವನ ರಾಶಿ ಚದುರಿ, ನಡುನಡುವೆ ಬರೀ ನೆಲ ಕಾಣುತ್ತಿತ್ತು. ಆ ಕಂಬದ ಮೇಲೆ ಅವನೂ ಕೈಯಿಟ್ಟು ಆಣೆ ಮಾಡಿದ್ದ. ಕಟ್ಟಳೆ ಸುಳ್ಳಾದರೆ ಊರಷ್ಟೇ ಅಲ್ಲ, ದೊರೆತನವೂ ಸುಳ್ಳು. ದೊರೆ ಕೈಯಾಡಿಸಿದ, ಬಿಡು ಎಂದು.

ಕುಂಬಾರ ಅಕ್ಕನ ಮುಂದೆ ಮಂಡಿಯೂರಿದ. ಅವಳ ಕಣ್ಣು ಮುಚ್ಚಿತ್ತು. ಪಕ್ಕದಲ್ಲಿ ಬೆಳ್ಳಿ ಬಟ್ಟಲು, ತುಂಬಿದ್ದು ತುಂಬಿದ ಹಾಗೇ. ಅವನು ಚೂರನ್ನು ಅವಳ ತುಟಿಗೆ ತಾಗಿಸಿದ. ಅವಳು ಹಲ್ಲು ಕಚ್ಚಿದಳು.

"ಯಾರ ನೀರು?" ಅಂದಳು. ದನಿ ಹೊರಡಲಿಲ್ಲ, ತುಟಿ ಅಲ್ಲಾಡಿತು.

"ಹೊಳೆ ನೀರಕ್ಕಾ. ನನ್ನ ಮಡ್ಕೇದು."

ಅವಳು ಕಣ್ಣು ಬಿಟ್ಟಳು. ತಮ್ಮನ ಮುಖ ನೋಡಿದಳು, ಚೂರಿನ ಗೀರು ನೋಡಿದಳು, ಆಮೇಲೆ ಕುಡಿದಳು. ಎಷ್ಟೋ ವರ್ಷದ ಮೇಲೆ ತಮ್ಮನಿಗೆ ಅವಳಾಡಿದ ಎರಡನೆಯ ಮಾತು ಇದು: "ಅರ್ಧ ದಾರೀಲೇ ಚೆಲ್ಲಿದೀಯ, ಮುಂಡೇದೇ."

ಅವನ ಹಿಂದೆ ಉಪ್ಪಿನವನು, ಅವನ ಹಿಂದೆ ಬಾಚಣಿಗೆಯವಳು, ಅವಳ ಹಿಂದೆ ಇಡೀ ಊರು. ಒಬ್ಬೊಬ್ಬರಿಂದ ಒಂದೊಂದು ಗುಟುಕು. ಕಡೆಯಲ್ಲಿ ಬಿಸಿಲು ನೆತ್ತಿಗೇರಿದ ಮೇಲೆ ನೇಕಾರ ಬಂದ. ಮೂರನೆಯ ಸಲ ಇಳಿದು ಹತ್ತಿದ್ದನಂತೆ. ಅವನ ಮೀನಿನ ಚೂರಿನಲ್ಲಿ ಉಳಿದದ್ದು ಬರೀ ಒದ್ದೆ. ಅಕ್ಕ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ನಾಲಿಗೆಯಿಂದ ನೆಕ್ಕಿದಳು. ಆಗ ಅವಳು ಅತ್ತಳು. ಬಾಯಾರಿಕೆಗೆ ಅಳದವಳು ಅದಕ್ಕೆ ಅತ್ತಳು.

ಅಕ್ಕನ ಕಾಲಿನ ಊತ ಇಳಿಯುವವರೆಗೆ ಊರು ಗುಡ್ಡದ ಮೇಲೇ ಇತ್ತು. ಚೂರುಗಳಲ್ಲಿ ನೀರು ಹೊತ್ತಿತು, ಚೌಕದಲ್ಲಿ ಅಡುಗೆ ಮಾಡಿತು, ಮುಚ್ಚಂಜೆ ಗಂಟೆ ಬಾರಿಸಿತು. ನಮ್ಮ ಹಿರಿಯರು ಹೇಳುವ ಪ್ರಕಾರ ಅಂಥ ದಿನಗಳು ಊರು ಕಟ್ಟಿದಾಗಲೂ ಇರಲಿಲ್ಲ. ಚೂರಿನ ನೀರಲ್ಲಿ ಊರು ಬಾಳಲಾರದು ಎಂಬುದೂ ಎಲ್ಲರಿಗೂ ಗೊತ್ತಿತ್ತು. ಒಂದು ಬೆಳಿಗ್ಗೆ ನೇಕಾರ ಏದುಸಿರು ಬಿಡುತ್ತ ಬಾಗಿಲಲ್ಲಿ ಕೂತದ್ದನ್ನು ಅಕ್ಕ ನೋಡಿದಳು. ಎದ್ದು ಮಡಕೆಯನ್ನು ಕಂಕುಳಿಗೇರಿಸಿದಳು.

"ಏಳ್ರೋ," ಅಂದಳು. "ಈ ಮುದುಕನ್ನ ನಾಳೆ ಮತ್ತೆ ಹತ್ತಿಸೋದು ಬೇಡ."

ತಮ್ಮನ ಹೆಗಲ ಮೇಲೆ ಕೈಯಿಟ್ಟು ಅವಳು ಹೆಬ್ಬಾಗಿಲ ತನಕ ನಡೆದಳು. ಹಿಂದೆ ಊರೆಲ್ಲ, ಕೈಯಲ್ಲಿ ಚೂರು. ಪಾರುಪತ್ಯದವನ ಮುಖ ಅರಳಿತು. ಅವನು ಒಡೆಯುವ ಕಲ್ಲನ್ನು ತಾನೇ ಉಜ್ಜಿ ಚೊಕ್ಕಟ ಮಾಡಿದ.

"ಒಡೀರಿ ಅಮ್ಮಾ."

"ಯಾಕಪ್ಪಾ ಒಡೀಲಿ?"

"ಊರು ಬಿಡೋರು ಒಡೆದೇ ಹೋಗ್ಬೇಕು."

"ಊರು ಬಿಡೋರು ಯಾರು? ದಿನಾ ಈ ಹೊತ್ತಿಗೆ ನಾನು ಎಲ್ಲಿಗೆ ಹೋಗ್ತೀನಿ?" ಅಕ್ಕ ಮಡಕೆಯನ್ನು ಕೊಂಚ ಮೇಲಕ್ಕೆ ಸರಿಸಿಕೊಂಡಳು. "ನೀರಿಗೆ ಹೋಗ್ತಾ ಇದೀನಿ."

"ಇವರೆಲ್ಲ?"

"ಅವರೂ ನೀರಿಗೇ."

"ಯಾವಾಗ ಬರ್ತೀರಿ?"

"ನೀರು ತುಂಬೋಕೆ ಎಷ್ಟು ಹೊತ್ತು ಅಂತ ಕಂಬದಲ್ಲಿ ಬರೆದಿದ್ರೆ ಓದಪ್ಪಾ," ಅಂದಳು ಅಕ್ಕ, ಮತ್ತು ಬಾಗಿಲು ದಾಟಿದಳು. ಅದನ್ನು ಮುಚ್ಚಲಿಲ್ಲ. ನೀರಿಗೆ ಹೋಗುವವರು ಬಾಗಿಲು ಮುಚ್ಚುವುದಿಲ್ಲ.

ಅಂದಿನಿಂದ ನಾವು ನೀರಿಗೆ ಬಂದವರು. ಗುಡ್ಡದ ಮನೆಗಳು ಬಿದ್ದವು, ಬೀದಿಯಲ್ಲಿ ಹುಲ್ಲು ಬೆಳೆಯಿತು. ಆದರೆ ಕೋಟೆಗೆ ಆ ಗುಡ್ಡ ಸೇರಲಿಲ್ಲ, ಎಲ್ಲ ಮಡಕೆಗಳೂ ಒಡೆದಿಲ್ಲವಲ್ಲ. ನಾವು ಯಾರ ಆಳೂ ಆಗಲಿಲ್ಲ. ಅಕ್ಕನ ಮಡಕೆ ಈಗಲೂ ನದಿಯ ಬಂಡೆಯ ಮೇಲೆ, ಸಿಂಬೆಯ ಮೇಲೆ ಕೂತಿದೆ, ಖಾಲಿ. ಹುಲ್ಲು ಒಣಗಿದರೆ ಯಾರಾದರೂ ಹೊಸ ಸಿಂಬೆ ಸುತ್ತಿ ಇಡುತ್ತಾರೆ. ನಮ್ಮ ಮನೆಗಳ ಬಾಗಿಲ ಮೇಲೆ ಒಂದೊಂದು ಚೂರು ಸಿಕ್ಕಿಸಿರುತ್ತದೆ, ನೀವು ಒಳಗೆ ಬರುವಾಗ ನೋಡಿರಬೇಕು. ನಮ್ಮದು ಮೀನಿನದು. ನಮ್ಮಲ್ಲಿ ಯಾರಾದರೂ ತೀರಿಕೊಂಡರೆ ಸತ್ತರು ಅನ್ನುವುದಿಲ್ಲ, ನೀರಿಗೆ ಹೋಗಿದ್ದಾರೆ ಅನ್ನುತ್ತೇವೆ.

ಅಕ್ಕ ಹೋಗುವ ಹೊತ್ತಿಗೆ ಕುಂಬಾರನೂ ಹಣ್ಣಾಗಿದ್ದ. ಅವಳನ್ನು ಬಂಡೆಯ ಹತ್ತಿರ ಮಲಗಿಸಿದ್ದರು, ಗುಡ್ಡ ಕಾಣಲೆಂದು. ಮೇಲೆ ಕೋಟೆಯ ಗೋಡೆಯ ಮೇಲೆ ಕಾವಲಿನವನೊಬ್ಬ ನದಿಯ ಕಡೆಗೇ ನೋಡುತ್ತ ನಿಂತಿದ್ದ. ಮಡಕೆ ತುಂಬಿಸಿ ಹತ್ತುತ್ತಾರೋ, ಒಡೆಯುತ್ತಾರೋ ಎಂದು ನೋಡುವುದಕ್ಕೇ ಅವನಿಗೆ ಸಂಬಳ. ಕುಂಬಾರ ಅಕ್ಕನ ಕಿವಿಯ ಹತ್ತಿರ ಬಾಗಿ ಕೇಳಿದ.

"ಮಡ್ಕೆ ತುಂಬಿಸ್ಲಾ ಅಕ್ಕಾ? ಮೇಲೆ ಹೋಗೋಣ್ವಾ?"

ಅಕ್ಕ ಗುಡ್ಡದ ಕಡೆ ಒಮ್ಮೆ ನೋಡಿದಳು. ಅವಳಿಗೆ ನಗು ಬಂದಿತ್ತು.

"ಬೇಡ ಬಿಡೋ," ಅಂದಳು. "ಅವರು ಇನ್ನೂ ಸ್ವಲ್ಪ ಕಾಯಲಿ."

ಕಾಯುತ್ತಿದ್ದಾರೆ.